ಊರಿನ ಹಳೇ ಸ್ಟೇಷನ್ನಿನ ಕಥೆ ಹುಡುಕುವುದು ಹೇಗೆ?

ಸಕಲೇಶಪುರದ ಕಡೆ ರೈಲು ನಿಲ್ಲದೆ ಪಾಳು ಬಿದ್ದಿರುವ ಸ್ಟೇಷನ್ ಕಂಡರೆ ಮೊದಲು ಊರಿನ ಹಿರಿಯರ ಹತ್ತಿರ ಹೋಗಿ, ಅದರಲ್ಲೂ ಗ್ಯಾಂಗ್‌ಮನ್ (ಹಳಿ ನೋಡಿಕೊಳ್ಳುವ ಕೆಲಸದವರು) ಆಗಿದ್ದವರು ಸಿಕ್ಕರೆ ಬಿಡಲೇಬೇಡಿ. ಸುಮ್ನೆ "ಯಾವಾಗ ಮುಚ್ಚಿತು" ಅಂದರೆ ಇಸವಿ ನೆನಪಿಗೆ ಬರುವುದಿಲ್ಲ. "ಮಗಳ ಮದುವೆಗೆ ಮುಂಚೆನಾ, ಆಮೇಲಾ?" ಅಂತ ಕೇಳಿ, ಮಾತು ತಾನಾಗಿ ಬಿಚ್ಚಿಕೊಳ್ಳುತ್ತದೆ.

ಆಮೇಲೆ ಅವರು ಹೇಳಿದ್ದನ್ನು ಗೊತ್ತಿರುವ ಇಸವಿಗಳ ಜೊತೆ ಹೊಂದಿಸಿ. ಸಕಲೇಶಪುರದ ಮೇಲೆ ಹೋಗುವ ಹಾಸನ–ಮಂಗಳೂರು ಮೀಟರ್ ಗೇಜ್ (ಕಿರಿದಾದ ಹಳಿ) ಮಾರ್ಗ 1979ರಲ್ಲಿ ಶುರುವಾಯಿತು. ಅದನ್ನು ಬ್ರಾಡ್ ಗೇಜ್ (ಅಗಲ ಹಳಿ) ಮಾಡಲು 1996ರಲ್ಲಿ ಘಾಟಿಯಲ್ಲಿ ಓಡಾಟ ನಿಂತಿತು, ಪ್ರಯಾಣಿಕರ ರೈಲು ಮತ್ತೆ ಬಂದಿದ್ದು 2007ರ ಡಿಸೆಂಬರ್‌ನಲ್ಲಿ. ಹನ್ನೊಂದು ವರ್ಷ ಅಂದರೆ ಜಾಸ್ತಿಯೇ ಅಲ್ವಾ?

ಮನೆಗಳ ಟ್ರಂಕಿನಲ್ಲಿ ಹಳೇ ಟಿಕೆಟ್, ಫೋಟೊ ಇದ್ದರೆ ಅಲ್ಲೇ ಮೊಬೈಲಿನಲ್ಲಿ ತೆಗೆದುಕೊಳ್ಳಿ. ಹಳಿ ಮೇಲೆ ಮಾತ್ರ ನಡೆಯಬೇಡಿ, ಅಲ್ಲಿ ಗೂಡ್ಸ್ ರೈಲು ಓಡಾಡುತ್ತವೆ.