ಕಾಗದವಿಲ್ಲದ ಸಲೂನಿಗೆ ಇಸವಿ ಹಿಡಿದದ್ದು

ಮುಂಬಯಿಯ ಫೋರ್ಟ್ ಭಾಗದ ಹಳೆಯ ಸಲೂನೊಂದರ ಒಳಗೋಡೆಗೆ ಈಗ ‘ಆರಂಭ: 1924–1930ರ ನಡುವೆ’ ಎಂಬ ಹಿತ್ತಾಳೆ ಫಲಕ ಬಂದಿದೆ. ಮುಂಬಯಿಯ ಹಳೆ ಅಂಗಡಿಗಳ ಚರಿತ್ರೆ ಕೆದಕುವ ನಮ್ಮವರಲ್ಲೇ ಹೆಚ್ಚಿನವರು ಇದು ಆಗಹೋಗುವ ಕೆಲಸವಲ್ಲ ಎಂದಿದ್ದರು. ಅಂಗಡಿ ಹಾಕಿದವರ ಕಾಲದ ಒಂದು ಚೀಟಿಯೂ ಮನೆಯವರಲ್ಲಿ ಉಳಿದಿರಲಿಲ್ಲ. ಬಾಡಿಗೆ ಪಾವತಿಗಳಿದ್ದ ಟ್ರಂಕು 2005ರ ಜುಲೈ 26ರ ನೆರೆಯಲ್ಲಿ ಕುರ್ಲಾದ ಮನೆಯಲ್ಲೇ ನೆಂದು ಮುದ್ದೆಯಾಗಿತ್ತು. ಕಾಗದವಿಲ್ಲದಿದ್ದರೆ ಚರಿತ್ರೆಯೂ ಇಲ್ಲ ಎಂಬ ವಾದ ಬೇರೆಡೆ ಸರಿಯಿರಬಹುದು, ಸಲೂನಿನ ಮಟ್ಟಿಗೆ ಸರಿಯಲ್ಲ. ನೆಲ, ಕುರ್ಚಿ, ಕನ್ನಡಿ, ದರಪಟ್ಟಿ ಈ ನಾಲ್ಕನ್ನು ಒಂದಕ್ಕೊಂದು, ಹಿರಿಯರ ನೆನಪಿಗೂ ಹೊರಗೆ ಉಳಿದ ಚೂರುಪಾರು ಕಾಗದಕ್ಕೂ ತಾಳೆ ನೋಡಿದರೆ ಆರೇಳು ವರ್ಷದ ಅಂತರದೊಳಗೆ ಬಂದು ನಿಲ್ಲಬಹುದು ಎಂದು ಈಗ ಧೈರ್ಯವಾಗಿ ಹೇಳುತ್ತೇನೆ.

ಯಾವ ವಸ್ತುವೂ ತನ್ನ ಹುಟ್ಟಿದ ವರ್ಷ ಹೇಳುವುದಿಲ್ಲ. ‘ಇದಕ್ಕಿಂತ ಹಿಂದಲ್ಲ’ ಅಥವಾ ‘ಇದಕ್ಕಿಂತ ಈಚೆಗಲ್ಲ’ ಎಂದಷ್ಟೇ ಹೇಳುತ್ತದೆ. ಇನ್ನೊಂದು ಮಾತು, ಗೋಡೆಗೆ ತೂಗಿದ ವಸ್ತುವಿನ ಸಾಕ್ಷಿಗೆ ಬೆಲೆ ಕಡಿಮೆ. ಈ ಸಲೂನಿನಲ್ಲಿ ರವಿವರ್ಮ ಪ್ರೆಸ್ಸಿನ ಲಕ್ಷ್ಮಿ ಚಿತ್ರವಿದೆ. ಪ್ರೆಸ್ 1894ರಲ್ಲಿ ಗಿರಗಾಂವ್‌ನಲ್ಲಿ ಶುರುವಾಗಿ ಆಮೇಲೆ ಲೋಣಾವಳದ ಹತ್ತಿರದ ಮಳವಲಿಗೆ ಹೋಯಿತು, ಆದ್ದರಿಂದ ಚಿತ್ರದ ಕೆಳಗಿನ ಊರ ಹೆಸರು ನೋಡಿದರೆ ಅದರ ಕಾಲ ಅಂದಾಜಾಗುತ್ತದೆ. ಆದರೆ ಅಂಥ ಚಿತ್ರ ಚೋರ್ ಬಜಾರಿನಲ್ಲಿ ಇಂದಿಗೂ ಸಿಗುತ್ತದೆ. ಅದು ಚಿತ್ರದ ಚರಿತ್ರೆ, ಸಲೂನಿನದಲ್ಲ. ನೆಲಕ್ಕೆ ಕೂತದ್ದನ್ನು ಮೊದಲು ನಂಬಿ, ಭಾರದ್ದನ್ನು ಆಮೇಲೆ, ತೂಗುವುದನ್ನು ಕೊನೆಗೆ.

ದುಡ್ಡು ಸುಮ್ಮನೆ ಕರಗಿದ್ದು ಹಳೆ ಡೈರೆಕ್ಟರಿ, ಪತ್ರಿಕೆ, ಪತ್ರಾಗಾರಗಳಲ್ಲಿ. ನಕಲು, ಸ್ಕ್ಯಾನು, ಓಡಾಟ, ಹುಡುಕಿಕೊಡಲು ಇಟ್ಟ ಹುಡುಗನ ಸಂಬಳ ಸೇರಿ ಒಂಬತ್ತು ಹತ್ತು ಸಾವಿರ ಹೋಯಿತು, ಬಂದದ್ದು ಸೊನ್ನೆ. ಹಳೆ ಬೊಂಬಾಯಿಯ ಡೈರೆಕ್ಟರಿಗಳಲ್ಲಿ ಹೆಸರು ಬರುತ್ತಿದ್ದದ್ದು ಸಾಹೇಬರಿಗೆ ಕೂದಲು ಕತ್ತರಿಸುವ ದೊಡ್ಡ ಅಂಗಡಿಗಳದ್ದು. ಗುಮಾಸ್ತರಿಗೂ ಹೋಟೆಲು ಮಾಣಿಗಳಿಗೂ ಆರಾಣೆಗೆ ದಾಢಿ ಮಾಡುತ್ತಿದ್ದವರ ಹೆಸರನ್ನು ಅಲ್ಲಿ ಹುಡುಕುವುದು ವ್ಯರ್ಥ. ರಸ್ತೆಯ ಹೆಸರುಗಳೂ ತಲೆ ತಿನ್ನುತ್ತವೆ. ಹಾರ್ನ್‌ಬಿ ರೋಡ್ ಇಂದಿನ ದಾದಾಭಾಯಿ ನವರೋಜಿ ರೋಡ್, ಎಸ್ಪ್ಲನೇಡ್ ರೋಡ್ ಇಂದಿನ ಮಹಾತ್ಮಾ ಗಾಂಧಿ ರೋಡ್, ಚರ್ಚ್‌ಗೇಟ್ ಸ್ಟ್ರೀಟ್ ಇಂದಿನ ವೀರ ನರಿಮನ್ ರೋಡ್. ಹಳೆ ಹೆಸರಿನ ಪಟ್ಟಿ ಮಾಡಿಕೊಳ್ಳದೆ ಒಳಗೆ ಕಾಲಿಡಬೇಡಿ.

ಕೆಲಸ ಕೈಗೆ ಹತ್ತಿದ್ದು ನೆಲದಿಂದ. ಎಂಟಿಂಚಿನ ಸಿಮೆಂಟ್ ಟೈಲು, ಕಡುಗೆಂಪು ಮತ್ತು ಬೂದು ಬಣ್ಣದ ಹೂಬಳ್ಳಿ. ಅದರ ಪಾಟರ್ನನ್ನು ಭಾರತ್ ಫ್ಲೋರಿಂಗ್ಸ್‌ನವರ ಹಳೆ ವಿನ್ಯಾಸಗಳ ಜೊತೆ ಇಟ್ಟು ನೋಡಿದಾಗ ಮೂಲೆಯ ಎಲೆಯವರೆಗೂ ಹೊಂದಿತು. ಆ ಕಂಪನಿ ಹುಟ್ಟಿದ್ದೇ 1922ರಲ್ಲಿ, ಹಾಗಾಗಿ ನೆಲ ಅದಕ್ಕಿಂತ ಹಿಂದಿನದಲ್ಲ. ಇಷ್ಟಕ್ಕೇ ಕುಣಿದಾಡುವಂತಿಲ್ಲ. ನೆಲವನ್ನು ಕಟ್ಟಡದ ಮಾಲೀಕ ಹಾಕಿಸಿರಬಹುದು, ಸಲೂನು ಹತ್ತು ವರ್ಷ ಬಿಟ್ಟು ಬಂದಿರಬಹುದು. ನೆಲವನ್ನು ಸಲೂನಿಗೆ ಕಟ್ಟಿಹಾಕುವ ಗೂಟ ಬೇಕು. ಆ ಗೂಟವೇ ಕುರ್ಚಿ.

ಮೂರು ಹೈಡ್ರಾಲಿಕ್ ಕುರ್ಚಿಗಳಲ್ಲಿ ಒಂದನ್ನು ಅದರ ನೆನಪಿರುವವರ ಕಾಲದಲ್ಲಿ ಯಾರೂ ಕದಲಿಸಿರಲಿಲ್ಲ. ‘ಎತ್ತಿದರೆ ಎಣ್ಣೆ ಸೋರ್ತದೆ ಮಾರಾಯ್ರೆ’ ಎಂದು ಅಲ್ಲಿನ ಹಿರಿಯ ಕೆಲಸಗಾರರು ತಡೆದದ್ದು ಸರಿಯೇ. ಇದಕ್ಕೊಂದು ಕ್ರಮವಿದೆ. ಮೊದಲು ಕುರ್ಚಿಯನ್ನು ಪೂರ್ತಿ ಕೆಳಗಿಳಿಸಿ ಲಿವರ್‌ಗೆ ಹಗ್ಗ ಬಿಗಿಯಬೇಕು. ಸೀಟು ಮತ್ತು ಬೆನ್ನು ಬಿಚ್ಚಿ ಬೇರೆ ಮಾಡಬೇಕು. ಬುಡವನ್ನು ಎಂದೂ ಅಡ್ಡ ಮಲಗಿಸಬಾರದು, ಒಣಗಿದ ಚರ್ಮದ ವಾಷರ್ ಸಂದಿನಿಂದ ಎಣ್ಣೆ ಇಳಿದು ಸಿಮೆಂಟ್ ಟೈಲು ಹೀರಿಬಿಡುತ್ತದೆ, ಆ ಕಲೆ ಜನ್ಮಕ್ಕೆ ಹೋಗುವುದಿಲ್ಲ. ನಾಲ್ಕು ಮೂಲೆಗೆ ಮರದ ಬೆಣೆ ಕೊಟ್ಟು ಬೆರಳಗಲ ಎತ್ತಿ, ಕೆಳಗೆ ರಬ್ಬರ್ ಶೀಟ್ ತೂರಿಸಿ, ನಾಲ್ಕು ಜನ ನೇರಕ್ಕೆ ಜಾರಿಸಬೇಕು. ಹೊಸ ಚರ್ಮದ ವಾಷರ್ ನಾಗದೇವಿ ಸ್ಟ್ರೀಟಿನಲ್ಲಿ ಇನ್ನೂರು ರೂಪಾಯಿಯೊಳಗೆ ಸಿಕ್ಕಿತು. ಅದನ್ನು ರಾತ್ರಿಯಿಡೀ ಎಣ್ಣೆಯಲ್ಲಿ ನೆನೆಹಾಕದೆ ಕೂರಿಸಿದರೆ ವಾರದಲ್ಲಿ ಸೀಳುತ್ತದೆ.

ಕುರ್ಚಿಯ ಬುಡ ಸರಿಸಿದಾಗ ಕಂಡದ್ದನ್ನು ವಿವರವಾಗಿ ಹೇಳಬೇಕು. ಎರಡಡಿಯಷ್ಟು ಅಗಲದ ದುಂಡು ಜಾಗದಲ್ಲಿ ಟೈಲಿನ ಬಣ್ಣ ಇಂದು ಅಚ್ಚಿನಿಂದ ತೆಗೆದಂತಿತ್ತು. ಬಳ್ಳಿಯ ಗೆರೆ ಚೂಪು, ಕೆಂಪು ಕೆಂಪಾಗಿಯೇ ಇತ್ತು. ಅದರ ಹೊರಗೆ, ಕುರ್ಚಿಯ ಬಲಕ್ಕೆ ಮತ್ತು ಹಿಂದಕ್ಕೆ, ಕ್ಷೌರಿಕ ನಿಲ್ಲುವ ಕಡೆ ಅರ್ಧಚಂದ್ರಾಕಾರದ ಸವೆತ. ಟೈಲಿನ ಮೇಲಿನ ಬಣ್ಣದ ಪದರ ಮೂರು ನಾಲ್ಕು ಮಿಲಿಮೀಟರ್ ಇರುತ್ತದಲ್ಲ, ಅದು ಅಲ್ಲಿ ಪೂರ್ತಿ ಹೋಗಿ ಕೆಳಗಿನ ಬೂದು ಸಿಮೆಂಟ್ ಇಣುಕುತ್ತಿತ್ತು. ಬುಡದ ಕೆಳಗೆ ಒಂದೇ ಒಂದು ಚಪ್ಪಲಿ ಗೀರಿಲ್ಲ. ಎಂದರೆ ಟೈಲು ಹೊಸದಿರುವಾಗಲೇ ಈ ಕುರ್ಚಿ ಅಲ್ಲಿ ಕೂತಿದೆ, ಆಮೇಲೆ ಎದ್ದಿಲ್ಲ. ನೆಲವೂ ಸಲೂನೂ ಒಂದೇ ವಯಸ್ಸಿನವು. ಸಾಮಾನು ಬೇರೆಡೆಯಿಂದ ತಂದಿರಬಹುದು ಎಂದು ಅನುಮಾನಿಸುತ್ತಿದ್ದವರ ಬಾಯಿ ಮುಚ್ಚಿಸಿದ್ದು ಈ ಒಂದು ಫೋಟೊ. ಉಳಿದೆರಡು ಕುರ್ಚಿಗಳ ಕೆಳಗೆ ಸವೆದ ಟೈಲೇ ಇತ್ತು, ಅವು ನಂತರ ಬಂದವು.

ಕುರ್ಚಿಯ ಪಾದಪೀಠದಲ್ಲಿ ‘ಕೋಕೆನ್, ಸೇಂಟ್ ಲೂಯಿಸ್’ ಎಂಬ ಎರಕದ ಅಕ್ಷರವಿದೆ. ಅದನ್ನಷ್ಟೇ ನೋಡಿ ಮೋಸಹೋಗಬೇಡಿ. ಒಂದು ಕುರ್ಚಿಯ ಪಾದಪೀಠ ಇನ್ನೊಂದಕ್ಕೆ ಹಾಕುವುದು ಹಳೆ ಸಾಮಾನಿನ ಬಜಾರಿನಲ್ಲಿ ಮಾಮೂಲು. ಲೇಪವನ್ನು ನೋಡಿ. ನಿಕ್ಕಲ್ ತುಸು ಹಳದಿ ಛಾಯೆ, ಕ್ರೋಮ್ ನೀಲಿ ಛಾಯೆ. ಕ್ರೋಮ್ ಲೇಪ ವ್ಯಾಪಾರಕ್ಕೆ ಬಂದದ್ದು 1920ರ ದಶಕದ ನಡುವಿನಲ್ಲಿ. ಇಲ್ಲಿನವರು ಹಳೆಯದರ ಮೇಲೆ ಕ್ರೋಮ್ ಮಾಡಿಸಿರುತ್ತಾರೆ, ಹಾಗಾಗಿ ಕುರ್ಚಿ ಹಿಡಿಕೆಯ ಒಳಮೈ ಮತ್ತು ಪಾದಪೀಠದ ತಳವನ್ನು ಬಟ್ಟೆಯಿಂದ ಒರೆಸಿ ನೋಡಬೇಕು. ಪಾಲಿಶ್ ಚಕ್ರ ಅಲ್ಲಿಗೆ ಹೋಗುವುದಿಲ್ಲ. ನಮ್ಮದರಲ್ಲಿ ಒಳಗೆಲ್ಲ ನಿಕ್ಕಲ್, ಎಂದರೆ ಕ್ರೋಮ್ ಹರಡುವ ಮೊದಲಿನ ಬಗೆ. ಸೀಟಿನ ರೆಕ್ಸಿನ್ ಕೆಳಗೆ ಇನ್ನೊಂದು ರೆಕ್ಸಿನ್, ಅದರ ಕೆಳಗೆ ಚರ್ಮದ ಚೂರು. ಚೌಕಟ್ಟಿನ ಮರದಲ್ಲಿ ಮೊಳೆ ತೂತುಗಳ ಸಾಲು ಎಣಿಸಿದರೆ ಎಷ್ಟು ಸಲ ಹೊದಿಕೆ ಬದಲಾಗಿದೆ ಎಂದು ತಿಳಿಯುತ್ತದೆ. ಸೀಟಿನ ಸಂದಿನಲ್ಲಿ ಮುರಿದ ಬಾಚಣಿಗೆಯ ಹಲ್ಲುಗಳ ಜೊತೆ ನಡುವೆ ತೂತಿದ್ದ ಕಾಸು ಸಿಕ್ಕಿತು, ಊರಲ್ಲಿ ಹಿರಿಯರು ಒಟ್ಟೆ ಮುಕ್ಕಾಲು ಎನ್ನುತ್ತಿದ್ದದ್ದೇ. ಅದು 1943ರಿಂದ 1947ರವರೆಗೆ ಟಂಕಿಸಿದ ನಾಣ್ಯ.

ಕನ್ನಡಿಗಳ ವಿಷಯದಲ್ಲಿ ಮನೆಯವರ ಮಾತೊಂದಿತ್ತು, 1944ರ ಡಾಕ್ ಸ್ಫೋಟಕ್ಕೆ ಒಂದು ಕನ್ನಡಿ ಒಡೆದಿತ್ತು ಎಂದು. ಆ ಏಪ್ರಿಲ್ 14ರಂದು ವಿಕ್ಟೋರಿಯಾ ಡಾಕಿನಲ್ಲಿ ಫೋರ್ಟ್ ಸ್ಟಿಕಿನ್ ಹಡಗು ಸಿಡಿದಾಗ ದೂರದೂರದ ಗಾಜು ಪುಡಿಯಾದದ್ದು ನಿಜ, ಆದರೆ ಆ ಭಾಗದ ಪ್ರತಿ ಹಳೆ ಅಂಗಡಿಯಲ್ಲೂ ಇದೇ ಕತೆ ಕೇಳಸಿಗುತ್ತದೆ. ಕನ್ನಡಿ ತೆಗೆಯದೆಯೇ ಅರ್ಧ ಪರೀಕ್ಷೆ ಮಾಡಬಹುದು. ಟ್ಯೂಬ್‌ಲೈಟಿನ ಬಿಂಬವನ್ನು ಓರೆಯಿಂದ ನೋಡಿ. ಉಜ್ಜಿ ನಯಮಾಡಿದ ಹಳೆ ಪ್ಲೇಟ್ ಗಾಜಿನಲ್ಲಿ ಬಿಂಬ ನೇರ, ಎಳೆದು ಮಾಡಿದ ಶೀಟ್ ಗಾಜಿನಲ್ಲಿ ಅಲೆಯಲೆ. ದಪ್ಪ ತಿಳಿಯಲು ಕನ್ನಡಿಗೆ ಪೆನ್ಸಿಲ್ ತುದಿ ಮುಟ್ಟಿಸಿ, ತುದಿಗೂ ಬಿಂಬಕ್ಕೂ ನಡುವಿನ ಅಂತರವನ್ನು 4 ಮತ್ತು 6 ಮಿಲಿಮೀಟರಿನ ಹೊಸ ಕನ್ನಡಿ ತುಂಡುಗಳ ಜೊತೆ ಹೋಲಿಸಿ. ಕರಗಿದ ತವರದ ಮೇಲೆ ತೇಲಿಸಿ ಮಾಡಿದ ಫ್ಲೋಟ್ ಗಾಜೇ ಎಂಬ ಅನುಮಾನವಿದ್ದರೆ 254 ನ್ಯಾನೊಮೀಟರ್ ಯುವಿ ದೀಪ ಬೇಕು. ನೋಟು ಪರೀಕ್ಷಿಸುವ 365ರ ಟಾರ್ಚ್ ಇದಕ್ಕೆ ನಿಷ್ಪ್ರಯೋಜಕ. ತವರ ತಗುಲಿದ ಮೈ ಮುಂದಿದ್ದರೆ ಮಂಜು ಮಂಜಾಗಿ ಹೊಳೆಯುತ್ತದೆ, ಹೊಳೆಯದಿದ್ದರೆ ಏನನ್ನೂ ಹೇಳಲಾಗದು. ಪಿಲ್ಕಿಂಗ್ಟನ್ ಗಾಜಿನ ಕಂಪನಿಯವರು ಫ್ಲೋಟ್ ವಿಧಾನ ಪ್ರಕಟಿಸಿದ್ದು 1959ರಲ್ಲಿ. ದೀಪವನ್ನು ಬರಿಗಣ್ಣಿಗೆ ಹಿಡಿಯಬೇಡಿ.

ಮೂರರಲ್ಲಿ ಎರಡು ಪ್ಲೇಟ್, ಒಂದು ಅಲೆಯಲೆ. ಆ ಮೂರನೆಯದನ್ನು ಮಾತ್ರ ಇಳಿಸಿದೆವು, ಗಾಜಿನವನಿಗೂ ಬಡಗಿಗೂ ಸೇರಿ ಮೂರು ಸಾವಿರ. ಚೌಕಟ್ಟಿನ ಹಿಂದೆ ಕನ್ನಡಿ ಅಲುಗಾಡದಿರಲಿ ಎಂದು ತುರುಕಿದ ಗುಜರಾತಿ ಪತ್ರಿಕೆಯ ಮಡಿಕೆ ಇತ್ತು. ತಿಂಗಳ ಭಾಗ ಹರಿದುಹೋಗಿತ್ತು, 1944 ಎಂಬುದು ಉಳಿದಿತ್ತು. ಸ್ಫೋಟಕ್ಕೇ ಒಡೆಯಿತು ಎಂದು ಇದರಿಂದ ಸಾಬೀತಾಗುವುದಿಲ್ಲ, ಆದರೆ ಮನೆಯವರ ಮಾತನ್ನು ಅಂತೆಕಂತೆ ಎಂದು ತಳ್ಳುವಂತೆಯೂ ಇಲ್ಲ. ಹಿಂಬದಿಯ ಕೆಂಪು ಲೇಪ ರೆಡ್ ಲೆಡ್, ಸೀಸದ್ದು. ಉಜ್ಜಬಾರದು, ಕೈಗವಸು ಇಲ್ಲದೆ ಮುಟ್ಟಬಾರದು.

ದರಪಟ್ಟಿಯೇ ನನಗೆ ಎಲ್ಲಕ್ಕಿಂತ ಹೆಚ್ಚು ಖುಷಿ ಕೊಟ್ಟ ವಸ್ತು. ತಗಡಿನ ಮೇಲೆ ಎನಾಮಲ್ ಬಣ್ಣದ ಮರಾಠಿ ಬರಹ, ಮೇಲಿಂದ ಮೇಲೆ ಬರೆದದ್ದು. ಕತ್ತಲಲ್ಲಿ ಟಾರ್ಚನ್ನು ಹಲಗೆಗೆ ಹತ್ತು ಹದಿನೈದು ಡಿಗ್ರಿ ಓರೆಗೆ ಹಿಡಿದು ನಾಲ್ಕು ದಿಕ್ಕಿನಿಂದ ಫೋಟೊ ತೆಗೆದರೆ ಕೆಳಗಿನ ಅಕ್ಷರಗಳ ಏಣುಗಳು ನೆರಳು ಬೀಳಿಸುತ್ತವೆ. ದಾಢಿಗೆ 37, ಕಟಿಂಗಿಗೆ 62 ಎಂದು ಓದಿಕೊಂಡೆವು. ಇಂಥ ವಕ್ರ ಅಂಕಿ ಯಾರೂ ಸುಮ್ಮನೆ ಬರೆಯುವುದಿಲ್ಲ. 1957ರ ಏಪ್ರಿಲ್ 1ಕ್ಕೆ ನಯಾ ಪೈಸೆ ಬಂದಾಗ ಆರಾಣೆಗೆ 37, ಹತ್ತಾಣೆಗೆ 62 ಎಂಬುದು ಸರ್ಕಾರದ ಕೋಷ್ಟಕ. ಹಾಗಾದರೆ ಆಣೆಯ ದರವನ್ನು ಹಾಗೆ ಹಾಗೆಯೇ ತಿರುಗಿಸಿ ಬರೆದ ಪದರ ಇದು, ಅಂಗಡಿ ಅದಕ್ಕೂ ಮೊದಲೇ ಆಣೆಯಲ್ಲಿ ವ್ಯಾಪಾರ ಮಾಡುತ್ತಿತ್ತು. ಅಂಕಿಯ ಪಕ್ಕದ ‘ನ.’ ಅಕ್ಷರದ ಮೇಲೆ ಬೇರೆ ಬಣ್ಣ ಬಳಿದಿದ್ದಾರೆ. 1964ರ ಜೂನ್‌ನಿಂದ ‘ನಯಾ’ ಬಿದ್ದುಹೋಯಿತಲ್ಲ, ಅದರ ಗುರುತು. ದರಪಟ್ಟಿಯಲ್ಲಿ 40, 65 ಕಂಡರೆ ಅದು ಆಮೇಲಿನ ಪದರ ಎಂದು ತಿಳಿಯಿರಿ. ಪದರಗಳನ್ನು ಬಿಡಿಸಲು ಬಳಸಿದ ದ್ರಾವಣದ ಪ್ರಮಾಣವನ್ನು ಇಲ್ಲಿ ಬರೆಯುವುದಿಲ್ಲ, ಪಕ್ಕದಲ್ಲಿ ನಿಂತು ಕಲಿಯದೆ ಕೈ ಹಾಕಿದರೆ ಹಲಗೆಯೇ ಹೋಗುತ್ತದೆ.

ಹೊರಗಿನ ಬೋರ್ಡಿನಲ್ಲಿ 400 001 ಎಂಬ ಪಿನ್‌ಕೋಡ್ ಬರೆದ ಬಣ್ಣದ ಕೆಳಗೆ ‘ಬೊಂಬಾಯಿ-1’ ಎಂಬ ಹಳೆ ಅಂಚೆ ಗುರುತು ಇತ್ತು. ಪಿನ್‌ಕೋಡ್ 1972ರ ಆಗಸ್ಟ್ 15ರದ್ದು. ಹಳೆ ಬಿಲ್ ಪುಸ್ತಕದ ರಟ್ಟಿನಲ್ಲಿ ಬೋರಿಬಂದರ್ ಟ್ರಾಮಿನ ಗುರುತು ಹೇಳಿತ್ತು, ಟ್ರಾಮು ನಿಂತದ್ದು 1964ರ ಮಾರ್ಚ್ 31ಕ್ಕೆ. ಇವೆಲ್ಲ ನಡುಗಾಲಕ್ಕೆ ಉಪಯೋಗ, ಆರಂಭಕ್ಕಲ್ಲ. 2022ರ ನಂತರ ಮರಾಠಿ ಅಕ್ಷರದ ಹೊಸ ಬೋರ್ಡುಗಳನ್ನು ಹಳೆಯದರ ಮೇಲೆಯೇ ಬಡಿದ ಅಂಗಡಿಗಳು ಬಹಳ ಇವೆ. ಹಿಂದೆ ಇಣುಕಿ ನೋಡಿ.

ಪಕ್ಕದಾರಿಯಾಗಿ ಎರಡು ಪ್ರಯೋಗ ಮಾಡಿದ್ದೆವು. ಲ್ಯಾಮಿಂಗ್ಟನ್ ರೋಡಿನಿಂದ ಸಾವಿರದಿನ್ನೂರರ ಸಿಸಿಟಿವಿ ಕ್ಯಾಮೆರಾ ತಂದು ರಾತ್ರಿ ಮೋಡಿನಲ್ಲಿ ಗೋಡೆಗೆ ಹಿಡಿದರೆ, ತೆಳುವಾದ ಕೆಂಪು ಬಣ್ಣದ ಕೆಳಗಿನ ಕಾಡಿಗೆಗಪ್ಪು ಅಕ್ಷರ ಮೂಡಿ ಬಂತು. ಕೆಂಪನ್ನು ಕ್ಯಾಮೆರಾದ ಇನ್ಫ್ರಾರೆಡ್ ಕಿರಣ ದಾಟುತ್ತದೆ, ಇಂಗಾಲದ ಕಪ್ಪು ಅದನ್ನು ನುಂಗುತ್ತದೆ. ದಪ್ಪ ಡಿಸ್ಟೆಂಪರ್ ಮುಂದೆ ಇದರ ಆಟ ನಡೆಯದು. ಇನ್ನೊಂದು, ಬಾಗಿಲ ಮೆಟ್ಟಿಲಿನ ಸವೆತ ಅಳೆದು ವಯಸ್ಸು ಕಟ್ಟುವುದು. ಪೂರಾ ಕೈಕೊಟ್ಟಿತು. ಕಲ್ಲು ಕಲ್ಲಿಗೂ ಗಡಸು ಬೇರೆ, ಮಳೆಗಾಲದ ಮರಳು ಚಪ್ಪಲಿಯಡಿ ಸಿಕ್ಕಿ ಅರೆಯುವುದೇ ಹೆಚ್ಚು. ಅದರ ಗೊಡವೆ ಬೇಡ.

ಇನ್ನು ಆರಂಭದ ವರ್ಷ. ಮನೆಯವರು 1911 ಎನ್ನುತ್ತಿದ್ದರು. ಅಜ್ಜ ಹೇಳುತ್ತಿದ್ದ ಮಾತು ಏನೆಂದು ಕೆದಕಿ ಕೇಳಿದಾಗ ಸಿಕ್ಕಿದ್ದು ‘ಅಪೋಲೋ ಬಂದರಿನ ಕಮಾನು ಆದ ವರ್ಷ’. ಆ ಕಮಾನೆಂದರೆ ಗೇಟ್‌ವೇ ಆಫ್ ಇಂಡಿಯಾ. ಅದರ ಮೇಲಿನ ಶಾಸನದಲ್ಲಿ ಇರುವುದು ರಾಜ ಐದನೇ ಜಾರ್ಜ್ ಬಂದಿಳಿದ 1911ರ ಡಿಸೆಂಬರ್ 2. ಯಾರೋ ಅದನ್ನೇ ಓದಿ ವರ್ಷ ಕಟ್ಟಿದ್ದಾರೆ. ಕಮಾನು ಮುಗಿದು ತೆರೆದದ್ದು 1924ರ ಡಿಸೆಂಬರ್ 4ರಂದು. ಅಜ್ಜನ ನೆನಪು ಸರಿಯಿತ್ತು, ಲೆಕ್ಕ ಹಾಕಿದವರು ಎಡವಿದ್ದರು. 1922ರ ನಂತರದ ನೆಲಕ್ಕೂ ಇದು ಸರಿಯಾಗಿ ಕೂಡುತ್ತದೆ. ಈಚೆಯ ಗಡಿ ಕೊಟ್ಟದ್ದು 1930ರ ಒಂದು ಕನ್ನಡ ನಾಟಕದ ಕರಪತ್ರ, ಅದರ ಅಡಿಯಲ್ಲಿ ಸಲೂನಿನ ಎರಡು ಸಾಲಿನ ಜಾಹೀರಾತಿದೆ. ಇಂಗ್ಲಿಷ್ ಡೈರೆಕ್ಟರಿಗಳಲ್ಲಿ ಸಿಗದ ನಮ್ಮ ಕನ್ನಡದವರ ಅಂಗಡಿಗಳು ಕರಪತ್ರ, ಸ್ಮರಣ ಸಂಚಿಕೆ, ರಾತ್ರಿ ಶಾಲೆಗಳ ದೇಣಿಗೆ ಪಟ್ಟಿಗಳಲ್ಲಿ ಸಿಗುತ್ತವೆ. ಆ ಕರಪತ್ರ ಯಾರ ಸಂಗ್ರಹದ್ದು ಎಂದು ಹೇಳುವುದಿಲ್ಲ, ಅವರ ಮನೆ ಬಾಗಿಲಿಗೆ ಸಾಲು ನಿಲ್ಲಿಸುವ ಇಷ್ಟವಿಲ್ಲ.

ಒಟ್ಟು ಖರ್ಚು ಮೂವತ್ತೆಂಟರಿಂದ ನಲವತ್ತು ಸಾವಿರ. ಕುರ್ಚಿ ಎತ್ತಿಸಿ ಕೂರಿಸಲು ಆರು, ಫಲಕಕ್ಕೆ ಏಳು, ಪತ್ರಾಗಾರಕ್ಕೆ ಹೋದದ್ದು ಹೋಯಿತು, ಉಳಿದದ್ದು ಫೋಟೊ, ಲೆನ್ಸು, ಕೂಲಿ. ಇದೇ ಕೆಲಸಕ್ಕೆ ಒಬ್ಬರು ಎರಡೂವರೆ ಲಕ್ಷ ಕೇಳಿದ್ದರು. ದರಪಟ್ಟಿಗೆ ವಾರ್ನಿಷ್ ಹೊಡೆಯಿರಿ ಎಂದು ಹೇಳುವವರು ಬೇಕಾದಷ್ಟು ಸಿಗುತ್ತಾರೆ, ಹೊಡೆಸಬೇಡಿ. ವಾರ್ನಿಷ್ ಏಣುಗಳ ಸಂದು ತುಂಬಿ ಓರೆ ಬೆಳಕಿನ ಓದನ್ನು ಶಾಶ್ವತವಾಗಿ ಮುಚ್ಚುತ್ತದೆ. ನಾವು ಹಲಗೆಯನ್ನು ಗೋಡೆಯಿಂದ ಒಂದಿಂಚು ಬಿಟ್ಟು, ಬೇಸಿನ್ನಿನ ಹಬೆ ತಾಗದ ಎದುರು ಗೋಡೆಗೆ, ಮುಂದೆ ಗಾಜು ಹಾಕದೆ ತೂಗುಹಾಕಿದ್ದೇವೆ.