ದೋಣಿಯ ಟ್ಯಾಂಕಿಗೂ ಉಸಿರು ಬೇಕು

ಹದಿನೈದು ಕೆ.ಜಿ. ಎಣ್ಣೆ ಡಬ್ಬಕ್ಕೆ ನಮ್ಮ ಮನೆಗಳಲ್ಲಿ ಯಾರೂ ಒಂದೇ ತೂತು ಕೊರೆಯುವುದಿಲ್ಲ. ಎದುರು ಮೂಲೆಯಲ್ಲಿ ಇನ್ನೊಂದು ಇರಲೇಬೇಕು, ಇಲ್ಲದಿದ್ದರೆ ಎಣ್ಣೆ ಬಿಕ್ಕುತ್ತಾ ಬೀಳುತ್ತದೆ. ಮೋಟಾರು ದೋಣಿಯ ಪೆಟ್ರೋಲ್ ಟ್ಯಾಂಕಿನದೂ ಇದೇ ಲೆಕ್ಕ. ಪೆಟ್ರೋಲ್ ಹೋದಷ್ಟೇ ಗಾಳಿ ಒಳಬರಬೇಕು. ಅದಕ್ಕೆಂದೇ ಇರುವುದು ವೆಂಟ್ ಪೈಪ್.

ಕುಣಿಗಲ್ ಕಡೆಯ ಸ್ನೇಹಿತರೊಬ್ಬರು ಕರಾವಳಿಯಿಂದ ಲಾರಿಯ ಮೇಲೆ ತರಿಸಿದ ಹಳೆಯ ಫೈಬರ್ ದೋಣಿ ಕಳೆದ ಬೇಸಿಗೆಯಲ್ಲಿ ಹಟ ಹಿಡಿಯಿತು. ಸಲೀಸಾಗಿ ಸ್ಟಾರ್ಟ್ ಆಗುತ್ತಿತ್ತು, ಕಾಲು ಗಂಟೆ ಓಡುತ್ತಿತ್ತು, ನಡುನೀರಿನಲ್ಲಿ ನಿಲ್ಲುತ್ತಿತ್ತು. ಕಾರ್ಬ್ಯುರೇಟರನ್ನು ಎರಡು ಸಲ ಬಿಚ್ಚಿಸಿದರು, ಪ್ಲಗ್ ಬದಲಿಸಿದರು. ನಾನು ಹೋಗಿ ಟ್ಯಾಂಕಿನ ಮುಚ್ಚಳ ತಿರುಗಿಸಿದಾಗ ಗಾಳಿ ಉಸ್ಸೆಂದು ಒಳನುಗ್ಗಿತು, ಎಂಜಿನ್ ಮತ್ತೆ ಓಡಿತು. ವೆಂಟಿನ ಹೊರಬಾಯಲ್ಲಿ ಕಡಜವೊಂದು ಮಣ್ಣಿನ ಗೂಡು ಕಟ್ಟಿತ್ತು. ಗೂಡು ತೆಗೆದರೂ ದೋಣಿಯ ತಳದ ಪೆಟ್ರೋಲ್ ವಾಸನೆ ಹೋಗಲಿಲ್ಲ. ಹಾಗಾದರೆ ಟ್ಯಾಂಕೂ ಸೋರುತ್ತಿದೆ ಎಂದರ್ಥ.

ಕೆಲಸಕ್ಕೆ ಮೊದಲು ದೋಣಿಯನ್ನು ದಡಕ್ಕೆ ಎಳೆದು ಬಯಲಿನಲ್ಲಿ ನಿಲ್ಲಿಸಿ. ಪೆಟ್ರೋಲ್ ಆವಿ ಗಾಳಿಗಿಂತ ಮೂರು ನಾಲ್ಕು ಪಟ್ಟು ಭಾರ. ಪಾಳು ಬಾವಿಯ ತಳದಲ್ಲಿ ಕೆಟ್ಟ ಗಾಳಿ ನಿಲ್ಲುವಂತೆ ಅದು ದೋಣಿಯ ತಳದಲ್ಲಿ ಕುಳಿತಿರುತ್ತದೆ. ಗಾಳಿಯಲ್ಲಿ ಶೇಕಡ 1.4ರಷ್ಟು ಆವಿ ಬೆರೆತರೆ ಸಾಕು, ಕಿಡಿಗೆ ಹೊತ್ತಿಕೊಳ್ಳುತ್ತದೆ. ಹಲಗೆಗಳನ್ನೆಲ್ಲ ತೆರೆದು ಗಾಳಿಯಾಡಲು ಬಿಟ್ಟು, ವಾಸನೆ ಪೂರ್ತಿ ಹೋದ ಮೇಲೆ ಬ್ಯಾಟರಿಯ ವೈರು ಬಿಚ್ಚಿ, ನೆಗೆಟಿವ್ ಮೊದಲು. ಪೈಪುಗಳ ಫೋಟೊ ಬೇಕಿದ್ದರೆ ಟ್ಯಾಂಕ್ ತೆರೆಯುವ ಮುನ್ನವೇ ತೆಗೆದುಕೊಂಡು ಮೊಬೈಲನ್ನು ದೂರ ಇಡಿ. ಪುಡಿ ತುಂಬಿದ ಅಗ್ನಿಶಾಮಕ ಸಿಲಿಂಡರ್ ಕೈಗೆಟಕುವಂತಿರಲಿ.

ಪೆಟ್ರೋಲನ್ನು ಕೈಪಂಪಿನಿಂದ ತಗಡಿನ ಕ್ಯಾನಿಗೆ ತೆಗೆಯಿರಿ. ಕ್ಯಾನ್ ನೆಲದ ಮೇಲಿರಲಿ. ಬಾಯಿಯಿಂದ ಎಳೆಯುವ ಚಾಳಿ ನಮ್ಮಲ್ಲಿ ಬಹಳ ಜನಕ್ಕಿದೆ. ಒಂದು ಗುಟುಕು ಶ್ವಾಸಕೋಶಕ್ಕೆ ಇಳಿದರೆ ಆಸ್ಪತ್ರೆಯೇ ಗತಿ. ಟ್ಯಾಂಕಿನ ಮೇಲಿನ ಹಲಗೆ ಕತ್ತರಿಸಬೇಕಾಗಿ ಬಂದರೆ ಕೈಗರಗಸವೇ ಸರಿ, ಗ್ರೈಂಡರ್ ಬೇಡ.

ಹೊರತೆಗೆದು ಮಗುಚಿದಾಗ ನಮ್ಮ ಟ್ಯಾಂಕಿನ ಗುಟ್ಟು ತಿಳಿಯಿತು. ಅಲ್ಯೂಮಿನಿಯಂ ಟ್ಯಾಂಕನ್ನು ಯಾರೋ ಕಾರ್ಪೆಟ್ ತುಂಡಿನ ಮೇಲೆ ಕೂರಿಸಿದ್ದರು. ಕಾರ್ಪೆಟ್ ವರ್ಷಗಟ್ಟಲೆ ನೀರು ಹೀರಿಕೊಂಡಿತ್ತು. ಅದು ತಗುಲಿದಲ್ಲೆಲ್ಲ ಬಿಳಿ ಪುಡಿ, ನಡುನಡುವೆ ಸೂಜಿಮೊನೆಯಷ್ಟು ತೂತುಗಳು. ಇಂಥದ್ದನ್ನು ಬೆಸುಗೆ ಹಾಕಿಸಲು ಒಯ್ಯಬೇಡಿ. ಖಾಲಿ ಟ್ಯಾಂಕಿನಲ್ಲಿ ದ್ರವವಿಲ್ಲದಿದ್ದರೂ ಆವಿ ಇರುತ್ತದೆ, ವೆಲ್ಡಿಂಗ್ ಕಿಡಿಗೆ ಅದು ಬಾಂಬ್.

ಹೊಸದಕ್ಕೆ ಎರಡು ದಾರಿಗಳಿವೆ. ಅಳತೆಗೆ ಸರಿಹೊಂದುವ ಸಿದ್ಧ ಪ್ಲಾಸ್ಟಿಕ್ ಟ್ಯಾಂಕ್ ಸಿಕ್ಕರೆ ಅದು ಸುಲಭ; ಆದರೆ ಪೆಟ್ರೋಲ್ ತುಂಬಿದ ಮೇಲೆ ಅದು ಶೇಕಡ 2ರಷ್ಟು ಹಿಗ್ಗುತ್ತದೆ, ಸುತ್ತ ಜಾಗ ಬಿಡಬೇಕು. ಇಲ್ಲವೇ ತುಮಕೂರಿನ ಅಂತರಸನಹಳ್ಳಿ ಅಥವಾ ಹಿರೇಹಳ್ಳಿ ಕೈಗಾರಿಕಾ ಪ್ರದೇಶದಲ್ಲಿ ಆರ್ಗಾನ್ ವೆಲ್ಡಿಂಗ್ ಬಲ್ಲವರನ್ನು ಹುಡುಕಿ. 5052 ದರ್ಜೆಯ ಅಲ್ಯೂಮಿನಿಯಂ, ದಪ್ಪ 2.3 ಮಿ.ಮೀ.ಗಿಂತ ಕಡಿಮೆ ಬೇಡ. ಪೆಟ್ರೋಲ್ ತುಳುಕದಂತೆ ಒಳಗೆ ಅಡ್ಡತಗಡು ಇರಲಿ, ಎಲ್ಲ ತೂತುಗಳೂ ಮೇಲ್ಭಾಗದಲ್ಲೇ ಇರಲಿ. ಕೂರಿಸಲು ಕಾರ್ಪೆಟ್ಟೂ ಬೇಡ, ಗೋಣಿತಟ್ಟೂ ಬೇಡ. ನೀರು ಹೀರದ ರಬ್ಬರ್ ಪಟ್ಟಿ ಅಂಟಿಸಿ.

ಹಳೆಯ ರಬ್ಬರ್ ಪೈಪುಗಳನ್ನು ಮತ್ತೆ ಹಾಕಬೇಡಿ. ಈಗ ಬಂಕಿನಲ್ಲಿ ಸಿಗುವುದು ಶೇಕಡ 20 ಎಥನಾಲ್ ಬೆರೆಸಿದ ಪೆಟ್ರೋಲ್. ಅದು ಹಳೆಯ ರಬ್ಬರನ್ನು ಉಬ್ಬಿಸುತ್ತದೆ, ತೇವವನ್ನೂ ಎಳೆದುಕೊಳ್ಳುತ್ತದೆ. ದೋಣಿಯ ಇಂಧನ ಪೈಪಿಗೆಂದೇ ಇರುವ ಮಾನಕದ ಗುರುತು, ಐಎಸ್‌ಒ 7840, ಅಚ್ಚಾದ ಪೈಪ್ ತರಿಸಿ.

ಇನ್ನು ವೆಂಟ್. ಹೊಸ ಟ್ಯಾಂಕ್ ಕೂರಿಸಿದ ಸಂಭ್ರಮದಲ್ಲಿ ಹೆಚ್ಚಿನವರು ಎಡವುವುದು ಇಲ್ಲಿಯೇ. ವೆಂಟ್ ಪೈಪಿನ ಒಳವ್ಯಾಸ 16 ಮಿ.ಮೀ. ಇರಲಿ. ಅದು ಟ್ಯಾಂಕಿನ ಅತಿ ಎತ್ತರದ ಜಾಗದಿಂದ ಹೊರಟು ಏರುತ್ತಲೇ ಹೋಗಬೇಕು, ಎಲ್ಲಿಯೂ ಜೋತು ಬೀಳಬಾರದು. ವಾಷ್‌ಬೇಸಿನ್ ಕೆಳಗಿನ ಬಾಗಿದ ಪೈಪಿನಲ್ಲಿ ನೀರು ನಿಂತು ವಾಸನೆಯನ್ನು ತಡೆಯುತ್ತದಲ್ಲ, ಹಾಗೆಯೇ ಜೋತುಬಿದ್ದ ವೆಂಟಿನಲ್ಲಿ ಪೆಟ್ರೋಲ್ ನಿಂತು ಗಾಳಿಯನ್ನು ತಡೆಯುತ್ತದೆ. ಪೆಟ್ರೋಲ್ ತುಂಬುವಾಗ ಮುಖಕ್ಕೆ ಚಿಮ್ಮುತ್ತಿದ್ದರೆ ಕಾರಣ ಬಹುಮಟ್ಟಿಗೆ ಇದೇ. ದೋಣಿಯ ಅಂಚಿನ ಕೆಳಗೆ ಪೈಪನ್ನು ಆದಷ್ಟು ಮೇಲಕ್ಕೆ ಒಯ್ದು, ಅಲ್ಲಿಂದ ಮಾತ್ರ ಹೊರಬಾಯಿಗೆ ಇಳಿಸಿ. ಅಲೆ ಬಡಿದರೂ ನೀರು ಟ್ಯಾಂಕಿಗೆ ಇಳಿಯುವುದಿಲ್ಲ. ಹೊರಬಾಯಿ ದೋಣಿಯ ಹೊರಮೈಯಲ್ಲೇ ಇರಬೇಕು, ಎಂಜಿನ್ ಗಾಳಿ ಎಳೆಯುವ ಕಿಂಡಿಗಳಿಂದ ಕನಿಷ್ಠ 40 ಸೆಂ.ಮೀ. ದೂರದಲ್ಲಿ. ಕಿಡಿಯನ್ನೂ ಕಡಜವನ್ನೂ ತಡೆಯುವ ಸಣ್ಣ ಲೋಹದ ಜಾಲರಿ ಮರೆಯಬೇಡಿ. ಜಾಗ ಉಳಿಸಲೆಂದು ವೆಂಟನ್ನು ದೋಣಿಯೊಳಗೇ ಬಿಟ್ಟ ಒಂದು ‘ರಿಪೇರಿ’ಯನ್ನು ನಾನು ಕಂಡಿದ್ದೇನೆ. ಅದು ಆವಿಯನ್ನು ಪ್ರಯಾಣಿಕರ ಕಾಲಬುಡಕ್ಕೇ ಸುರಿಯುವ ವ್ಯವಸ್ಥೆ.

ಮಾರ್ಕೋನಹಳ್ಳಿ ಅಣೆಕಟ್ಟೆಯನ್ನು ನೋಡಿದವರಿಗೆ ಸೈಫನ್ ಎಂದರೇನೆಂದು ಬಿಡಿಸಿ ಹೇಳಬೇಕಿಲ್ಲ. ನೀರು ಒಂದು ಮಟ್ಟಕ್ಕೆ ಏರಿದರೆ ಅಲ್ಲಿನ ಸೈಫನ್ ತಾನಾಗಿಯೇ ಅದನ್ನು ಹೊರಗೆಳೆಯುತ್ತದೆ. ದೋಣಿಯಲ್ಲಿ ಎಂಜಿನ್ ಕಡೆಯ ಪೈಪ್ ಒಡೆದರೂ ಇದೇ ಆಟ: ಟ್ಯಾಂಕಿನ ಪೆಟ್ರೋಲ್ ತಾನಾಗಿಯೇ ತಳಕ್ಕೆ ಹರಿಯುತ್ತದೆ. ಟ್ಯಾಂಕಿನಿಂದ ಪೆಟ್ರೋಲ್ ಹೊರಡುವಲ್ಲಿ ಸೈಫನ್ ತಡೆಯುವ ವಾಲ್ವ್ ಹಾಕಿದರೆ ಆ ಭಯವಿಲ್ಲ.

ಪೆಟ್ರೋಲ್ ತುಂಬುವ ಬಾಯಿ, ಟ್ಯಾಂಕ್ ಮತ್ತು ಎಂಜಿನ್ನಿನ ನೆಗೆಟಿವ್, ಈ ಮೂರನ್ನೂ ಸ್ಥಿರ ವಿದ್ಯುತ್ತಿನ ಕಿಡಿ ಹಾರದಂತೆ ಅರ್ತ್ ವೈರಿನಿಂದ ಜೋಡಿಸಿ. ಮಲ್ಟಿಮೀಟರಿನಲ್ಲಿ 1 ಓಮ್‌ಗಿಂತ ಕಡಿಮೆ ತೋರಿಸಬೇಕು.

ಪೆಟ್ರೋಲ್ ಸುರಿಯುವ ಮೊದಲು ಸೋರಿಕೆ ಪರೀಕ್ಷೆ. ಬಾಯಿಗಳನ್ನೆಲ್ಲ ಮುಚ್ಚಿ, ಸೈಕಲ್ ಪಂಪಿನಿಂದ 3 ಪಿಎಸ್ಐವರೆಗೆ ಮಾತ್ರ ಗಾಳಿ ತುಂಬಿ ಸೋಪಿನ ನೀರು ಬಳಿಯಿರಿ. ಪಂಕ್ಚರ್ ಅಂಗಡಿಯ ಕಂಪ್ರೆಸರ್ ಹಚ್ಚಿದರೆ ಹೊಸ ಟ್ಯಾಂಕ್ ಹಲಸಿನ ಹಣ್ಣಿನಂತೆ ಊದಿಕೊಳ್ಳುತ್ತದೆ. ಗುಳ್ಳೆ ಬರದಿದ್ದರೆ ಐದು ಲೀಟರ್ ಹಾಕಿ ಒಂದು ರಾತ್ರಿ ಬಿಡಿ. ಬೆಳಿಗ್ಗೆ ತಳ ಒಣಗಿಯೇ ಇದ್ದರೆ ತುಂಬಿಸಬಹುದು, ಆದರೆ ಕಂಠಮಟ್ಟ ಬೇಡ. ನಮ್ಮ ಏಪ್ರಿಲ್ ಬಿಸಿಲಿಗೆ ಪೆಟ್ರೋಲ್ 20 ಡಿಗ್ರಿ ಕಾದರೆ 60 ಲೀಟರ್ ಇದ್ದದ್ದು 61ಕ್ಕೂ ಮೀರುತ್ತದೆ. ಹೆಚ್ಚಿದ್ದು ವೆಂಟಿನಿಂದ ಕೆರೆಗೇ ಹೋಗುತ್ತದೆ.

ಪ್ರತಿ ಸಲ ಸ್ಟಾರ್ಟ್ ಮಾಡುವ ಮುನ್ನ ತಳದ ಆವಿಯನ್ನು ಹೊರಗೆಳೆಯುವ ಫ್ಯಾನನ್ನು, ಅಂದರೆ ಬ್ಲೋವರನ್ನು, ನಾಲ್ಕು ನಿಮಿಷ ಓಡಿಸಿ. ಅದರ ಜೊತೆಗೆ ಮೂಗನ್ನೂ ಬಳಸಿ, ತಳಕ್ಕೆ ಬಗ್ಗಿ ಮೂಸಿ ನೋಡಿ. ವಾರಕ್ಕೊಮ್ಮೆ ಜಾಲರಿಯನ್ನು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿ. ನಮ್ಮ ಸ್ನೇಹಿತರು ಇದನ್ನು ತಪ್ಪದೆ ಮಾಡುತ್ತಿದ್ದಾರೆ. ಈ ವರ್ಷ ಕಡಜ ವೆಂಟಿನ ತಂಟೆಗೆ ಬಂದಿಲ್ಲ. ಲೈಫ್ ಜಾಕೆಟ್ ಪೆಟ್ಟಿಗೆಯ ಬೀಗದ ತೂತಿನಲ್ಲಿ ಗೂಡು ಕಟ್ಟಿದೆ.