ಇಪ್ಪತ್ತಮೂರು ಇಂಚಿನ ಲೆಕ್ಕ

ಮೊಣಕಾಲಿನ ಶಸ್ತ್ರಚಿಕಿತ್ಸೆ ಮುಗಿಸಿಕೊಂಡು ಅತ್ತೆಯವರು ಮನೆಗೆ ಬಂದ ದಿನ ಹೊಸ್ತಿಲು ದಾಟುವವರೆಗೆ ಎಲ್ಲವೂ ಸರಾಗವಾಗಿಯೇ ನಡೆಯಿತು. ಬಚ್ಚಲಿಗೆ ಹೋಗುವ ಪ್ಯಾಸೇಜಿನಲ್ಲಿ ವಾಕರ್ ಸಿಕ್ಕಿಹಾಕಿಕೊಂಡಿತು. ಎಡಗಡೆ ಪುಸ್ತಕದ ಕಪಾಟು, ಬಲಗಡೆ ಹಿತ್ತಾಳೆ ಕೊಳಗಗಳ ಸಾಲು, ಕೊಳಗಗಳ ಮೇಲೆ ಹಳೆಯ ಮಾಸಪತ್ರಿಕೆಗಳ ಕಟ್ಟು. ನಾನು ಕೊಳಗವೊಂದನ್ನು ಎಳೆಯಲು ಹೋಗಿ ಕಟ್ಟು ಜಾರಿಬಿತ್ತು, ನಾಲ್ಕಾರು ಸಂಚಿಕೆಗಳು ಅವರ ಪಾದದ ಬಳಿಯೇ ಹರಡಿಕೊಂಡವು. ಎಪ್ಪತ್ತೆಂಟರ ಆ ಹಿರಿಯರು ಕೂಗಾಡಲಿಲ್ಲ. "ಅಲ್ಲಮ್ಮ, ನನ್ನನ್ನು ಮನೆಗೆ ಕರೆದುಕೊಂಡು ಬಂದೆಯೋ, ಗುಜರಿ ಅಂಗಡಿಗೋ?" ಎಂದರು, ಅಷ್ಟೇ.

ಅಂದು ರಾತ್ರಿ ಹೊಲಿಗೆ ಡಬ್ಬಿಯ ಟೇಪು ಹಿಡಿದು ಅಳೆದೆ. ಪ್ಯಾಸೇಜಿನ ಅಗಲ 36 ಇಂಚು. ವಾಕರಿನ ಅಗಲ 23. ನಡೆದಾಡಲು ನಾವು ಉಳಿಸಿಕೊಂಡಿದ್ದದ್ದು 16. ಇಷ್ಟು ದಿನ ಮನೆಯವರೆಲ್ಲ ಭುಜ ಓರೆ ಮಾಡಿಕೊಂಡು ಓಡಾಡುತ್ತಿದ್ದರು ಎಂಬುದು ನನ್ನ ಗಮನಕ್ಕೇ ಬಂದಿರಲಿಲ್ಲ.

ಈ ಸಾಮಾನೆಲ್ಲ ಒಂದೇ ದಿನ ಬಂದದ್ದಲ್ಲ. ಬೆಂಗಳೂರಿನ ಹನುಮಂತನಗರದ ಈ ಬಾಡಿಗೆ ಮನೆಗೆ ಬಂದು ಹನ್ನೊಂದು ವರ್ಷವಾಯಿತು. ಇಲ್ಲಿಂದ ಮಾರ್ಕೆಟ್ ಬಸ್ ಹಿಡಿದರೆ ಅರ್ಧ ಗಂಟೆಯಲ್ಲಿ ಹಳೆಯ ಪೇಟೆ. ಭಾನುವಾರ ಬೆಳಕು ಹರಿಯುವ ಮೊದಲೇ ಬಿ.ವಿ.ಕೆ. ಅಯ್ಯಂಗಾರ್ ರಸ್ತೆಯ ಆಸುಪಾಸಿನಲ್ಲಿ ಟಾರ್ಪಾಲು ಹಾಸಿ ಹಳೆಯ ಸಾಮಾನು ಹರಡುತ್ತಾರೆ. ಸಂಡೆ ಬಜಾರ್ ಎನ್ನಿ, ಚೋರ್ ಬಜಾರ್ ಎನ್ನಿ, ಎರಡೂ ಹೆಸರು ನಡೆಯುತ್ತವೆ. ಆರೂವರೆಯ ಒಳಗೆ ಹೋದರೆ ಬೋಣಿಯ ಬೆಲೆ. ಒಂಬತ್ತು ದಾಟಿದರೆ ಮೊಬೈಲ್ ಕ್ಯಾಮೆರಾ ಹಿಡಿದ ಹುಡುಗರು ಬರುತ್ತಾರೆ, ಬೆಲೆ ಏರುತ್ತದೆ. ಅಲ್ಲಿಂದ ನಾಲ್ಕು ಹೆಜ್ಜೆ ನಡೆದರೆ ಅವೆನ್ಯೂ ರಸ್ತೆ, ಹಿಂದೆ ದೊಡ್ಡಪೇಟೆ ಎನ್ನುತ್ತಿದ್ದದ್ದು. ಅಲ್ಲಿ ಗೋಡೆಗೆ ಒರಗಿಸಿದ ಹಳೆಯ ಪುಸ್ತಕಗಳು. ಹತ್ತು ಗಂಟೆಗೆ ಮನೆಗೆ ಮರಳುವಾಗ ಎರಡೂ ಕೈಯಲ್ಲಿ ಚೀಲ, ಮುಖದಲ್ಲಿ ಯುದ್ಧ ಗೆದ್ದವರ ಕಳೆ.

ದುರಾಸೆ ಎಂದು ಯಾರಾದರೂ ಅಂದರೆ ನನಗೆ ಕೋಪ ಬರುತ್ತಿತ್ತು. ಹೊಸ ಸೀರೆಗೆ, ಚಿನ್ನಕ್ಕೆ ನಾನು ಎಂದೂ ಆಸೆಪಟ್ಟವಳಲ್ಲ. ನನ್ನ ತಲೆಯಲ್ಲಿದ್ದದ್ದು ಬೇರೆ: ನಾನು ಇವುಗಳನ್ನು ಉಳಿಸುತ್ತಿದ್ದೇನೆ. ನಾನು ಕೊಳ್ಳದಿದ್ದರೆ ಈ ಕೊಳಗ ಕುಲುಮೆಗೆ ಹೋಗುತ್ತದೆ, ಈ ಪತ್ರಿಕೆ ರದ್ದಿಯಾಗಿ ಕರಗುತ್ತದೆ. ಐವತ್ತು ರೂಪಾಯಿಗೆ ಒಂದು ಜೀವ ಉಳಿಸಿದ ಪುಣ್ಯ! ಹೀಗೆ ಪುಣ್ಯ ಕಟ್ಟಿಕೊಳ್ಳುತ್ತ ಹೋದದ್ದರಿಂದಲೇ ಪ್ಯಾಸೇಜು ಹದಿನಾರು ಇಂಚಿಗೆ ಇಳಿಯಿತು.

ವಾಕರಿನ ಪ್ರಸಂಗಕ್ಕೆ ಮುಂಚೆಯೂ ಎರಡು ಬಾರಿ ಮನೆ ಹಸನು ಮಾಡಲು ಹೊರಟು ಸೋತಿದ್ದೆ. ಮೊದಲನೆಯ ಸಲ, ಸಾಮಾನು ಜೋಡಿಸಿಡಲು ಒಂದು ಕಬ್ಬಿಣದ ಬೀರು ತಂದೆ. ಅದೂ ಸೆಕೆಂಡ್‌ ಹ್ಯಾಂಡ್. ಅದರ ಬೀಗ ಸರಿಯಿರಲಿಲ್ಲ. ತುಂಬಿದ ಮೇಲೆ ಬಾಗಿಲೂ ಹಾಕಲಾಗಲಿಲ್ಲ. ಎರಡನೆಯ ಸಲ, ಒಂದು ಶನಿವಾರ ಎಲ್ಲವನ್ನೂ ಹಜಾರದ ನಡುವೆ ರಾಶಿ ಹಾಕಿದೆ. ಕಣ್ಣೆದುರು ರಾಶಿ ಬಿದ್ದರೆ ನಾಚಿಕೆಯಾಗಿ ಬಿಡಬಹುದು ಎಂದುಕೊಂಡಿದ್ದೆ. ಆದದ್ದು ತಿರುಗುಮುರುಗು. ಒಂದೊಂದನ್ನೂ ಕೈಗೆತ್ತಿಕೊಂಡಾಗ ಅದನ್ನು ಕೊಂಡ ಬೆಳಗು, ಚೌಕಾಸಿ, ಅಂಗಡಿಯವನ ಮುಖ ಎಲ್ಲ ನೆನಪಾಗಿ, ಸಂಜೆಯ ಹೊತ್ತಿಗೆ ಮಗಳಿಗೆ ಕತೆ ಹೇಳುತ್ತ ಕುಳಿತಿದ್ದೆ. ಒಂದು ಒಡೆದ ಪಿಂಗಾಣಿ ಭರಣಿ ಮಾತ್ರ ಹೊರಗೆ ಹೋಯಿತು. ರಾತ್ರಿಯ ಊಟವನ್ನು ಎಲ್ಲರೂ ಅಡುಗೆಮನೆಯಲ್ಲಿ ನಿಂತೇ ಮಾಡಿದೆವು.

ಮೂರನೆಯ ಸಲ ವಸ್ತುವನ್ನು ಮುಟ್ಟಲಿಲ್ಲ, ನೆಲವನ್ನು ಅಳೆದೆ. ನಮ್ಮ ಮನೆ 850 ಚದರ ಅಡಿ, ಬಾಡಿಗೆ ತಿಂಗಳಿಗೆ 25,500 ರೂಪಾಯಿ. ಎಂದರೆ ಚದರ ಅಡಿಗೆ 30 ರೂಪಾಯಿ. ಬೀರು, ಕೊಳಗಗಳು, ಪತ್ರಿಕೆಗಳ ಕಟ್ಟುಗಳು, ಕೋಣೆಯ ಮೂಲೆಯಲ್ಲಿ ಮಡಚಿಟ್ಟಿದ್ದ ಮಂಚ, ಪೆಡಲಿಲ್ಲದ ಹೊಲಿಗೆ ಯಂತ್ರ ಎಲ್ಲ ಸೇರಿ ಆಕ್ರಮಿಸಿದ್ದ ನೆಲ 46 ಚದರ ಅಡಿ. ತಿಂಗಳಿಗೆ 1,380, ವರ್ಷಕ್ಕೆ 16,560. ಬಾಡಿಗೆ ಕೊಡದ ಒಕ್ಕಲುಗಳನ್ನು ನಾನೇ ಕೂರಿಸಿಕೊಂಡು ಅವರ ಬಾಡಿಗೆಯನ್ನೂ ನಮ್ಮ ಯಜಮಾನರಿಂದ ಕೊಡಿಸುತ್ತಿದ್ದೆ. ಐವತ್ತು ರೂಪಾಯಿಯ ಕೊಳಗದ ನಿಜವಾದ ಬೆಲೆ ಆಗ ತಿಳಿಯಿತು. ಯಜಮಾನರಿಗೆ ಈ ಲೆಕ್ಕ ತೋರಿಸಬಾರದಿತ್ತು. ಈಗ ಮಾತುಮಾತಿಗೆ ಅದನ್ನೇ ಎತ್ತುತ್ತಾರೆ.

ಮೊದಲು ಹೊರಟದ್ದು ಮರದ ಸಾಮಾನು. ಅದರಲ್ಲಿ ಯೋಚಿಸುವುದೇನೂ ಇರಲಿಲ್ಲ. ಮಂಚದ ಸಂದಿಯಲ್ಲಿ ತಿಗಣೆಯಿತ್ತು. ಕೊಂಡ ವರ್ಷವೇ ಕುದಿಯುವ ನೀರು ಸುರಿದು, ಟೆರೇಸಿನ ಬಿಸಿಲಿಗೆ ಹಾಕಿ ಹೋಯಿತೆಂದುಕೊಂಡಿದ್ದೆ. ರಕ್ತವಿಲ್ಲದೆ ತಿಂಗಳುಗಟ್ಟಲೆ ಬದುಕುವ ಹುಳು ಅದು. ಪುಟ್ಟ ಸ್ಟೂಲೊಂದರ ಕೆಳಗೆ ದಿನಾ ಬೆಳಗ್ಗೆ ಹಿಟ್ಟಿನಂಥ ಪುಡಿ, ಕುಟ್ಟೆ ಹಿಡಿದಿತ್ತು. ಇಂಥದ್ದನ್ನು ಇನ್ನೊಬ್ಬರಿಗೆ ಮಾರುವುದು ಪಾಪ. ಸೌದೆಯಾಗಿ ಹೋಯಿತು. ಅಂದಿನಿಂದ ಮರದ ಸಾಮಾನು ಕಂಡರೆ ಮೊದಲು ತಲೆಕೆಳಗು ಮಾಡಿ ಸೂಜಿಮೊನೆಯಂಥ ತೂತುಗಳಿವೆಯೇ ಎಂದು ನೋಡುತ್ತೇನೆ.

ಕಷ್ಟವಾದದ್ದು ಹಿತ್ತಾಳೆ. ಒಟ್ಟು ಹತ್ತೊಂಬತ್ತು ಪಾತ್ರೆಗಳು: ಕೊಳಗ, ತಪ್ಪಲೆ, ಬೋಗುಣಿ, ಗಿಂಡಿ, ಪಾವು, ಚಟಾಕು. ಹುಣಸೆಹಣ್ಣು ಹಚ್ಚಿ ತಿಕ್ಕಿದರೆ ಬಂಗಾರದಂತೆ ಹೊಳೆಯುತ್ತಿದ್ದವು, ವಾರಕ್ಕೆ ಮತ್ತೆ ಕಪ್ಪಾಗುತ್ತಿದ್ದವು. ಒಂದರಲ್ಲೂ ಅಡುಗೆ ಮಾಡುವಂತಿರಲಿಲ್ಲ, ಏಕೆಂದರೆ ಒಂದಕ್ಕೂ ಒಳಗೆ ಕಲಾಯಿ ಉಳಿದಿರಲಿಲ್ಲ. ಕಲಾಯಿ ಇಲ್ಲದ ಹಿತ್ತಾಳೆಯಲ್ಲಿ ಹುಳಿ ಕುದಿಸಿದರೆ ಕಿಲುಬು ಬಿಡುತ್ತದೆ. ನಮ್ಮ ಬೀದಿಗೆ ಕಲಾಯಿಯವರು ಬಂದು ಎಷ್ಟೋ ವರ್ಷಗಳಾಗಿದ್ದವು. ಕೇಳಿ ಕೇಳಿ ಪೇಟೆಯ ಗಲ್ಲಿಯೊಂದರಲ್ಲಿ ಒಬ್ಬ ಹಿರಿಯರನ್ನು ಹಿಡಿದೆ. ಪಾತ್ರೆಯನ್ನು ಕಾಯಿಸಿ, ನವಸಾಗರದ ಪುಡಿ ಉದುರಿಸಿ, ಬಿಳಿ ಹೊಗೆ ಏಳುತ್ತಿರುವಾಗಲೇ ತವರದ ಕಡ್ಡಿ ತಾಗಿಸಿ ಹತ್ತಿಯಿಂದ ಒಳಗೆಲ್ಲ ಸವರುತ್ತಿದ್ದರು. ಕಣ್ಣೆದುರೇ ಪಾತ್ರೆಯೊಳಗೆ ಬೆಳ್ಳಿ ಹರಡಿದಂತಾಗುತ್ತಿತ್ತು. ಅವರು ಹೇಳಿದ ಕೂಲಿ ಕೇಳಿದ ಮೇಲೆ ನನಗೊಂದು ಅಳತೆಗೋಲು ಸಿಕ್ಕಿತು: ಯಾವುದಕ್ಕೆ ಕಲಾಯಿ ಹಾಕಿಸಲು ಹಣ ಬಿಚ್ಚಲು ಮನಸ್ಸಾಗುತ್ತದೋ ಅದು ಮನೆಯಲ್ಲಿರಲಿ. ಹತ್ತೊಂಬತ್ತರಲ್ಲಿ ಮೂರಕ್ಕೆ ಮನಸ್ಸಾಯಿತು. ಮೊಸರವಲಕ್ಕಿಗೆ ಒಂದು ಬೋಗುಣಿ, ಹಬ್ಬದ ಹುಳಿಗೆ ಒಂದು ತಪ್ಪಲೆ, ಪಾಯಸಕ್ಕೆ ಇನ್ನೊಂದು. ಅಕ್ಕಿ ಅಳೆಯುವ ಪಾವಿಗೆ ಕಲಾಯಿ ಬೇಡ. ಅದು ಅಕ್ಕಿಯ ಡಬ್ಬಿಯೊಳಗೇ ಇರುವುದರಿಂದ ನೆಲದ ಬಾಡಿಗೆಯೂ ಇಲ್ಲ.

ಉಳಿದ ಹದಿನೈದನ್ನು ತೂಕಕ್ಕೆ ಹಾಕಲು ಹೋದಾಗ ಕೈ ನಡುಗಿತು, ಸುಳ್ಳಲ್ಲ. ಹಳೆಯ ಪಾತ್ರೆಗಳ ಕಂಠದಲ್ಲಿ ಚುಕ್ಕಿಚುಕ್ಕಿಯಾಗಿ ಹೆಸರು ಕೊರೆದಿರುತ್ತದೆ. ಯಾರದೋ ಮದುವೆಗೆ ಯಾರೋ ಸೋದರಮಾವ ಕೊಟ್ಟದ್ದು, ತಾರೀಖಿನ ಸಮೇತ. ಅವರ ಮೊಮ್ಮಕ್ಕಳೇ ಮಾರಿದ್ದನ್ನು ನಾನು ಏಕೆ ಹೊತ್ತುಕೊಂಡಿದ್ದೇನೆ ಎಂದು ತರ್ಕಿಸಿದರೂ ಮನಸ್ಸು ಒಪ್ಪಲಿಲ್ಲ. ಕೊನೆಗೆ ಮಗಳು ಒಂದು ಉಪಾಯ ಹೇಳಿದಳು. ಬಿಳಿ ಹಾಳೆ ಇಟ್ಟು, ಮೆತ್ತನೆಯ ಪೆನ್ಸಿಲಿನಿಂದ ಅಕ್ಷರಗಳ ಮೇಲೆ ಉಜ್ಜಿ ಅಚ್ಚು ತೆಗೆದೆವು. ಹನ್ನೊಂದು ಪಾತ್ರೆಗಳ ಹೆಸರುಗಳು ಈಗ ಒಂದು ತೆಳುವಾದ ನೋಟುಬುಕ್ಕಿನಲ್ಲಿವೆ. ಪಾತ್ರೆಗಳಲ್ಲಿ ಆರನ್ನು ಮದುವೆಯ ಅಡುಗೆ ಗುತ್ತಿಗೆ ಮಾಡುವ ಪರಿಚಯದವರೊಬ್ಬರು ಕೊಂಡರು, ಒಂಬತ್ತು ತೂಕಕ್ಕೆ ಹೋದವು. ಹಿತ್ತಾಳೆಯಲ್ಲಿ ಒಂದು ಸಮಾಧಾನವಿದೆ: ತೂಕಕ್ಕೆ ಹಾಕಿದರೂ ಹಾಕಿದ ದುಡ್ಡು ಹೆಚ್ಚುಕಡಿಮೆ ಬರುತ್ತದೆ. ನನಗಂತೂ ಲಾಭವೇ ಬಂತು.

ಪತ್ರಿಕೆಗಳಲ್ಲಿ ಆ ಭಾಗ್ಯವಿಲ್ಲ. ಒಂದೊಂದು ಸಂಚಿಕೆಗೆ ಇಪ್ಪತ್ತು, ಮೂವತ್ತು ಕೊಟ್ಟು ತಂದದ್ದಕ್ಕೆ ರದ್ದಿಯವನು ಕಿಲೋಗೆ ಹನ್ನೆರಡು ರೂಪಾಯಿ ಎಂದ. ನ್ಯೂಸ್‌ಪ್ರಿಂಟ್ ಕಾಗದದಲ್ಲಿ ಆಮ್ಲವಿರುತ್ತದೆ, ನಾವು ಮುಟ್ಟದಿದ್ದರೂ ಅದು ತನ್ನನ್ನು ತಾನೇ ತಿನ್ನುತ್ತಿರುತ್ತದೆ. ಅರ್ಧದಷ್ಟು ಸಂಚಿಕೆಗಳು ಪುಟ ತಿರುಗಿಸಿದರೆ ಹಪ್ಪಳದಂತೆ ಮುರಿಯುತ್ತಿದ್ದವು. ನುಸಿಗುಳಿಗೆ ಇಟ್ಟು ಹುಳು ತಡೆದಿದ್ದೆ, ಕಾಲವನ್ನು ತಡೆಯಲಾಗಲಿಲ್ಲ. ಬೇಕಾದ ಕತೆ, ಲೇಖನಗಳನ್ನು ಮೊಬೈಲಿನಲ್ಲಿ ಫೋಟೊ ತೆಗೆದುಕೊಂಡೆ. ಎಷ್ಟು ಬೇಕಾದವು ಎಂದು ಕೇಳಿದರೆ ನಾಚಿಕೆಯಾಗುತ್ತದೆ: ಇನ್ನೂರಕ್ಕೂ ಹೆಚ್ಚು ಸಂಚಿಕೆಗಳಲ್ಲಿ ನಲವತ್ತು ಬರಹ. ಉಳಿದವು ಇವೆ ಎಂಬ ಸಂತೋಷಕ್ಕಾಗಿ ಇದ್ದಂಥವು.

ಪುಸ್ತಕಗಳಿಗೆ ಬೇರೆ ದಾರಿ ಹಿಡಿದೆ. ಹಳೆಯ ಕನ್ನಡ ಪುಸ್ತಕಗಳು ಇಂಟರ್ನೆಟ್ ಆರ್ಕೈವ್ ಎಂಬ ತಾಣದಲ್ಲಿ ಸಾವಿರಗಟ್ಟಲೆ ಸ್ಕ್ಯಾನ್ ಆಗಿ ಕುಳಿತಿವೆ. ನನ್ನ ಬಳಿಯಿದ್ದ ಒಂದೊಂದರ ಹೆಸರನ್ನೂ ಅಲ್ಲಿ ಹುಡುಕಿದೆ, ಸಂಜೆ ಹತ್ತು ಪುಸ್ತಕದಂತೆ ಎರಡು ತಿಂಗಳು. ಅಲ್ಲಿ ಸಿಕ್ಕಿದ್ದು, ಹಾಗೂ ಐದು ವರ್ಷದಿಂದ ನಾನು ಬಿಚ್ಚದೆ ಇದ್ದದ್ದು, ಎರಡೂ ಕೂಡಿ ಬಂದರೆ ಆ ಪುಸ್ತಕ ಹೊರಗೆ. ದಾನ ಕೊಡೋಣವೆಂದು ಒಂದು ಗ್ರಂಥಾಲಯಕ್ಕೆ ಹೋದರೆ, ಅಲ್ಲಿನವರು ಜಾಗವಿಲ್ಲ ಎಂದು ಕೈಮುಗಿದರು. ಅವರ ತಪ್ಪಿಲ್ಲ, ನನ್ನ ರಾಶಿಯನ್ನು ಅವರ ತಲೆಗೆ ಕಟ್ಟಿ ಪುಣ್ಯ ಪಡೆಯಲು ಹೊರಟಿದ್ದೆ. ಕೊನೆಗೆ ಅವೆನ್ಯೂ ರಸ್ತೆಯ ನನ್ನ ಹಳೆಯ ವ್ಯಾಪಾರಿಯ ಬಳಿಗೇ ಆಟೊದಲ್ಲಿ ಹೇರಿಕೊಂಡು ಹೋದೆ. ಕೊಟ್ಟ ಬೆಲೆಯ ಮೂರನೆಯ ಒಂದು ಪಾಲಿಗೆ ತೆಗೆದುಕೊಂಡರು. ಒಂದು ಪುಸ್ತಕವನ್ನು ತಿರುಗಿಸಿ ನೋಡಿ, "ಇದನ್ನು ನಿಮಗೆ ನಾನೇ ಎರಡು ಸಲ ಮಾರಿದ್ದೆ, ಇನ್ನೊಂದು ಪ್ರತಿ ಎಲ್ಲಿ ಅಮ್ಮ?" ಎಂದು ನಕ್ಕರು. ಇನ್ನೊಂದು ಪ್ರತಿಯೂ ಅದೇ ಮೂಟೆಯಲ್ಲಿತ್ತು. ಮುಂದಿನ ವಾರ ಹೋದಾಗ ಅದರಲ್ಲೊಂದು ಪ್ರತಿಯನ್ನು ಕಾಲೇಜಿನ ಹುಡುಗಿಯೊಬ್ಬಳು ನಿಂತಲ್ಲೇ ಓದುತ್ತಿದ್ದಳು. ಪುಸ್ತಕವನ್ನು ನಾನು ಉಳಿಸಿದ್ದೆನೋ, ಇಷ್ಟು ವರ್ಷ ಅಡ್ಡಗಟ್ಟಿದ್ದೆನೋ ಎಂಬ ಅನುಮಾನ ಆಗ ಹುಟ್ಟಿದ್ದು ಇನ್ನೂ ಹೋಗಿಲ್ಲ.

ಕೈಗಡಿಯಾರಗಳ ವಿಷಯ ಚಿಕ್ಕದು. ಎಚ್‌ಎಂಟಿ ನಮ್ಮ ಬೆಂಗಳೂರಿನಲ್ಲೇ 1961ರಲ್ಲಿ ಗಡಿಯಾರ ಮಾಡಲು ಆರಂಭಿಸಿದ ಕಾರ್ಖಾನೆ; 2016ರಲ್ಲಿ ಅದನ್ನು ಮುಚ್ಚುವ ತೀರ್ಮಾನದ ಸುದ್ದಿ ಬಂದಾಗ ನನ್ನಂಥವರೆಲ್ಲ ಬಜಾರಿಗೆ ನುಗ್ಗಿದೆವು. ಜನತಾ, ಪೈಲಟ್ ಎಂದು ಏಳು ತಂದೆ. ಬಲ್ಲವರು ನೋಡಿ, ಐದರ ಡಯಲಿಗೆ ಹೊಸದಾಗಿ ಬಣ್ಣ ಹೊಡೆದಿದ್ದಾರೆ, ಒಳಗಿನ ಯಂತ್ರ ಬೇರೆಬೇರೆಯವುಗಳಿಂದ ಕೂಡಿಸಿದ್ದು ಎಂದರು. ಏಳೂ ಒಂದು ಸಾಬೂನಿನ ಡಬ್ಬಿಯಲ್ಲಿ ಹಿಡಿಸುತ್ತಿದ್ದರಿಂದ ನೆಲದ ಬಾಡಿಗೆ ಅವಕ್ಕೆ ಅನ್ವಯಿಸಲಿಲ್ಲ. ಆದರೆ ಡಬ್ಬಿ ಕಂಡಾಗಲೆಲ್ಲ "ರಿಪೇರಿ ಮಾಡಿಸಬೇಕು" ಎಂಬ ಸಾಲ ಎದೆಯ ಮೇಲೆ ಕೂರುತ್ತಿತ್ತು. ದಿನಾ ಕೀಲಿ ಕೊಟ್ಟು ಕಟ್ಟುವ ಒಂದನ್ನು ಉಳಿಸಿಕೊಂಡೆ.

ಎಲ್ಲ ಮುಗಿಯಲು ಏಳು ತಿಂಗಳು ಹಿಡಿಯಿತು. ಹೊಲಿಗೆ ಯಂತ್ರ ಮಾತ್ರ ಹೋಗಲಿಲ್ಲ. ಅದರ ಮೇಲೊಂದು ಹಲಗೆ ಹಾಕಿ ಮಗಳು ಓದಲು ಕೂರುತ್ತಾಳೆ, ಅದನ್ನು ಬಿಡಲು ಒಪ್ಪುತ್ತಿಲ್ಲ. ರಕ್ತದಲ್ಲಿ ಬಂದಿರಬೇಕು.

ಬಜಾರಿಗೆ ಹೋಗುವುದನ್ನು ನಿಲ್ಲಿಸಿದೆನೇ ಎಂದು ಎಲ್ಲರೂ ಕೇಳುತ್ತಾರೆ. ಇಲ್ಲ. ಭಾನುವಾರದ ಆ ಬೆಳಗನ್ನು ಬಿಡುವುದಾದರೆ ಈ ಊರಿನಲ್ಲಿ ನನಗೆ ಬೇರೇನಿದೆ? ಆದರೆ ಯುಪಿಐ ಇರುವ ಮೊಬೈಲನ್ನು ಮನೆಯಲ್ಲಿ ಬಿಟ್ಟು, ಮುನ್ನೂರು ರೂಪಾಯಿ ನಗದು ಮತ್ತು ಟೇಪು ಇಟ್ಟುಕೊಂಡು ಹೋಗುತ್ತೇನೆ. ಚೀಲ ಒಂದೇ, ಅದೂ ಚಿಕ್ಕದು. ಕೊಳ್ಳಬೇಕೆನಿಸಿದ್ದನ್ನು ಒಂದು ಕಿರುಪುಸ್ತಕದಲ್ಲಿ ಬರೆದುಕೊಳ್ಳುತ್ತೇನೆ: ವಸ್ತು, ಹೇಳಿದ ಬೆಲೆ, ಇಳಿಸಿದ ಬೆಲೆ. ಅಂದು ಕೊಳ್ಳದಿದ್ದರೂ ಚೌಕಾಸಿ ಮಾಡುತ್ತೇನೆ, ಇದು ವ್ಯಾಪಾರಿಗಳಿಗೆ ಅನ್ಯಾಯವೆಂದು ಗೊತ್ತು; ಅದಕ್ಕೇ ಬೋಣಿಯ ಹೊತ್ತಿನಲ್ಲಿ ಮಾಡುವುದಿಲ್ಲ. ಮುಂದಿನ ಭಾನುವಾರದವರೆಗೂ ಬೇಕೆನಿಸಿದರೆ, ಮನೆಯಿಂದ ಅದೇ ಗಾತ್ರದ ಒಂದು ವಸ್ತು ಹೊರಟ ಮೇಲೆ ಕೊಳ್ಳಬಹುದು. ಕಳೆದ ವರ್ಷ ಕಿರುಪುಸ್ತಕಕ್ಕೆ ಅರವತ್ತೆರಡು ವಸ್ತು ಏರಿದವು, ಮನೆಗೆ ಐದು ಬಂದವು.

ಮೊನ್ನೆ ನಾನು ಹೊರಡುವಾಗ ಅತ್ತೆಯವರು ಬಾಗಿಲವರೆಗೂ ಕೋಲೂರಿಕೊಂಡು ಬಂದರು. "ನೋಡಮ್ಮ, ಹಳೆಯ ಕಾಲದ ಕಬ್ಬಿಣದ ದೋಸೆ ಹೆಂಚು ಸಿಕ್ಕರೆ ಒಂದು ತಾ. ಈ ನಾನ್‌ಸ್ಟಿಕ್‌ನಲ್ಲಿ ದೋಸೆಗೆ ರುಚಿಯೇ ಇಲ್ಲ" ಎಂದರು. ನಾನು ಬಿಡಲಿಲ್ಲ: "ಅದರ ಬದಲು ಹೊರಗೆ ಹೋಗುವುದು ಯಾವುದು, ಅತ್ತೆ?" ಅವರು ತಿರುಗಿ ಪ್ಯಾಸೇಜಿನ ಕೊನೆಯಲ್ಲಿ ಒದ್ದೆ ಟವೆಲು ಹೊತ್ತು ನಿಂತಿದ್ದ ವಾಕರನ್ನು ತೋರಿಸಿದರು.

ಮೂರು ಭಾನುವಾರ ಹುಡುಕಿದ್ದೇನೆ. ಒಂದು ಹೆಂಚಿಗೆ ಬಿರುಕಿತ್ತು, ನಾಣ್ಯದಿಂದ ತಟ್ಟಿದರೆ ದನಿ ಮಂದ. ಇನ್ನೊಂದು ಚೆನ್ನಾಗಿತ್ತು, ಆದರೆ ಅಗಲ ಹದಿನಾರು ಇಂಚು, ನಮ್ಮ ಒಲೆಯ ಮೇಲೆ ಕೂರುವುದಿಲ್ಲ.